ಎಡವುತ್ತಿರುವ ಹುಡುಗನನ್ನು ಅಳೆಯುವುದು ಹೇಗೆ?



ಕ್ರೀಡೆಗೂ ಶಿಕ್ಷಣಕ್ಕೂ ಇರುವ ನಂಟಿನ ಬಗ್ಗೆ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕೆಂಬುದು ಈ ದತ್ತಿಯ ಆಶಯ. ವಿಷಯದ ಆಯ್ಕೆಯನ್ನು ಸಂಘಟಕರು ನನಗೇ ಬಿಟ್ಟರು. ನಮ್ಮ ಮೈದಾನಗಳಲ್ಲಿ ಹೆಚ್ಚುಕಡಿಮೆ ಕಾಣಸಿಗದ ಅಮೆರಿಕನ್ ಫುಟ್‌ಬಾಲ್ ಆಟವನ್ನು ನಾನು ಆರಿಸಿಕೊಂಡಿದ್ದೇನೆ; ಅದರಲ್ಲೂ ಕ್ವಾರ್ಟರ್‌ಬ್ಯಾಕ್ ಎಂಬ ಒಂದೇ ಒಂದು ಸ್ಥಾನವನ್ನು. ಇಪ್ಪತ್ತೊಂದು, ಇಪ್ಪತ್ತೆರಡು ವರ್ಷದ ಹುಡುಗನೊಬ್ಬನ ಹೆಗಲ ಮೇಲೆ ಇಷ್ಟೊಂದು ಹಣ, ಇಷ್ಟೊಂದು ಜನರ ನೌಕರಿ, ಒಂದು ಇಡೀ ಊರಿನ ಆಸೆಯನ್ನು ಹೊರಿಸುವ ಇನ್ನೊಂದು ಆಟ ನನಗೆ ಗೊತ್ತಿಲ್ಲ. ಅವನು ಎಡವಿದಾಗ ಅವನನ್ನು ತೂಗಿದವರ ತೀರ್ಮಾನಗಳೂ ದಾಖಲಾಗಿ ಉಳಿಯುತ್ತವೆ. ಯಾವ ವರ್ಷ ಯಾರನ್ನು ಆರಿಸಿದರು, ಯಾವಾಗ ಹೊರಗೆ ಕೂರಿಸಿದರು, ಆಮೇಲೆ ಅವನು ಏನಾದ ಎಂಬುದನ್ನು ಇಪ್ಪತ್ತು ವರ್ಷ ಕಳೆದ ಮೇಲೂ ತೆಗೆದು ನೋಡಬಹುದು. ಆಯ್ಕೆ ಸಮಿತಿಗಳಲ್ಲಿ ಕೂರುವ ನಮ್ಮಂಥವರಿಗೆ ಇಂಥ ಪಾಠಪುಸ್ತಕ ಸುಲಭವಾಗಿ ಸಿಗುವುದಿಲ್ಲ.

ಆಟ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಒಂದೊಂದು ಕಡೆಗೆ 11 ಜನ. ಅಂಕಣದ ಉದ್ದ 100 ಗಜ. ಚೆಂಡು ಹಿಡಿದ ತಂಡಕ್ಕೆ 10 ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಸಾಗಿದರೆ ಮತ್ತೆ ನಾಲ್ಕು. ಒಂದು ಅವಕಾಶ ಮುಗಿದು ಇನ್ನೊಂದು ಶುರುವಾಗುವುದರೊಳಗೆ 40 ಸೆಕೆಂಡಿನ ಗಡಿಯಾರ ಓಡುತ್ತಿರುತ್ತದೆ. ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ಟಿನೊಳಗೆ ಪುಟ್ಟ ರೇಡಿಯೊ ಇರುತ್ತದೆ. ಕೋಚ್ ಅದರಲ್ಲಿ ಮುಂದಿನ ಆಟದ ಹೆಸರನ್ನು ಹೇಳುತ್ತಾರೆ. ಆ ಹೆಸರು ಒಂದು ಪದವಲ್ಲ. ಯಾರು ಎಲ್ಲಿ ನಿಲ್ಲಬೇಕು, ಯಾರು ಯಾರನ್ನು ತಡೆಯಬೇಕು, ಯಾರು ಎಷ್ಟು ಗಜ ಓಡಿ ಯಾವ ಕಡೆ ತಿರುಗಬೇಕು ಎಂಬುದೆಲ್ಲ ಅಡಕವಾದ ಉದ್ದನೆಯ ಸಂಕೇತ ಸರಮಾಲೆ. ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ರೇಡಿಯೊ ಬಂದ್. ಅಲ್ಲಿಂದ ಮುಂದೆ ಹುಡುಗ ಒಬ್ಬನೇ. ಸುತ್ತ ನಿಂತ ಹತ್ತು ಜನರಿಗೆ ಆ ಸರಮಾಲೆಯನ್ನು ತಪ್ಪಿಲ್ಲದೆ ಹೇಳಬೇಕು, ಎದುರಿನ ಹನ್ನೊಂದು ಜನ ನಿಂತ ಬಗೆಯನ್ನು ಓದಬೇಕು, ಬೇಕಾದರೆ ಆಟವನ್ನೇ ಬದಲಿಸಬೇಕು. ಚೆಂಡು ಕೈಗೆ ಬಂದ ಮೇಲೆ ಸಿಗುವುದು ಹೆಚ್ಚೆಂದರೆ ಮೂರು ಸೆಕೆಂಡು. ಅಷ್ಟರಲ್ಲಿ ಎಸೆಯದಿದ್ದರೆ ನೂರಿಪ್ಪತ್ತು, ನೂರೈವತ್ತು ಕಿಲೋ ತೂಕದವರು ಬಂದು ಕೆಡವುತ್ತಾರೆ. ಅದಕ್ಕೆ ಸ್ಯಾಕ್ ಎನ್ನುತ್ತಾರೆ. ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸಿದರೆ ಟಚ್‌ಡೌನ್. ಎಸೆದದ್ದನ್ನು ಎದುರಾಳಿ ಹಿಡಿದರೆ ಇಂಟರ್‌ಸೆಪ್ಷನ್.

ಈ ಸ್ಥಾನಕ್ಕೆ ಹುಡುಗರು ಬರುವ ದಾರಿಯೇ ವಿಚಿತ್ರ. ಎನ್‌ಎಫ್‌ಎಲ್ ಲೀಗಿನಲ್ಲಿ 32 ತಂಡಗಳಿವೆ. ಪ್ರತಿ ಏಪ್ರಿಲ್‌ನಲ್ಲಿ ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್ ನಡೆಯುತ್ತದೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಮೊದಲ ಸರದಿ. ಬಲಹೀನರಿಗೆ ನ್ಯಾಯ ಸಿಗಲಿ ಎಂಬುದು ಇದರ ಉದ್ದೇಶ, ಒಳ್ಳೆಯ ಉದ್ದೇಶವೇ. ಆದರೆ ಅದರ ಫಲ ಏನೆಂದರೆ ಅತ್ಯಂತ ಪ್ರತಿಭಾವಂತ ಎನಿಸಿಕೊಂಡ ಹುಡುಗ ಅತ್ಯಂತ ಕೆಟ್ಟುಹೋದ ತಂಡಕ್ಕೆ ಹೋಗಿ ಬೀಳುತ್ತಾನೆ. ಅವನ ಮುಂದೆ ಗೋಡೆಯಾಗಿ ನಿಲ್ಲಬೇಕಾದವರು ದುರ್ಬಲರು, ಕೋಚ್‌ನ ಕುರ್ಚಿ ಅಲುಗಾಡುತ್ತಿರುತ್ತದೆ, ಮಾಲೀಕರಿಗೆ ಅವಸರ. 2002ರಲ್ಲಿ ಹ್ಯೂಸ್ಟನ್‌ನಲ್ಲಿ ಹೊಸದಾಗಿ ಕಟ್ಟಿದ ತಂಡ ಮೊದಲ ಸರದಿಯಲ್ಲಿ ಡೇವಿಡ್ ಕಾರ್ ಎಂಬ ಹುಡುಗನನ್ನು ತಂದುಕೊಂಡಿತು. ಆ ಒಂದೇ ಋತುವಿನಲ್ಲಿ ಅವನನ್ನು 76 ಸಲ ಕೆಡವಿದರು. ಲೀಗಿನ ಇತಿಹಾಸದಲ್ಲಿ ಒಂದು ಋತುವಿಗೆ ಅದೇ ದಾಖಲೆ. ಈ ಕಾರ್‌ನ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಈಗ ಅಂಕಿಗಳ ಪ್ರಶ್ನೆಗೆ ಬರೋಣ. ಮೊದಲ ವರ್ಷದ ಅಂಕಿಗಳನ್ನು ನೋಡಿ ಹುಡುಗನ ಭವಿಷ್ಯ ಹೇಳಬಹುದೇ? ಟೆರಿ ಬ್ರ್ಯಾಡ್‌ಶಾ 1970ರ ಡ್ರಾಫ್ಟ್‌ನ ಮೊದಲಿಗ. ಪಿಟ್ಸ್‌ಬರ್ಗ್ ತಂಡದಲ್ಲಿ ಮೊದಲ ವರ್ಷ 6 ಟಚ್‌ಡೌನ್ ಎಸೆತ, 24 ಇಂಟರ್‌ಸೆಪ್ಷನ್. 1974ರಲ್ಲೂ ಅವನನ್ನು ಹೊರಗೆ ಕೂರಿಸಿಯೇ ಋತು ಶುರು ಮಾಡಿದರು. ಅದೇ ಋತುವಿನ ಕೊನೆಯಲ್ಲಿ ಅವನು ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದ, ಮುಂದೆ ಇನ್ನೂ ಮೂರನ್ನು. ಟ್ರಾಯ್ ಏಕ್‌ಮನ್ 1989ರಲ್ಲಿ ಡಲ್ಲಾಸ್‌ಗೆ ಬಂದು ಆಡಲು ಇಳಿದ ಹನ್ನೊಂದು ಪಂದ್ಯಗಳಲ್ಲಿ ಹನ್ನೊಂದನ್ನೂ ಸೋತ. ಆ ವರ್ಷ ತಂಡ ಗೆದ್ದದ್ದು ಒಂದೇ ಪಂದ್ಯ, ಅದನ್ನು ಅವನ ಬದಲಿಗೆ ಇಳಿದವನು ಗೆದ್ದುಕೊಟ್ಟಿದ್ದ. ಏಕ್‌ಮನ್ ಮುಂದೆ ಮೂರು ಸೂಪರ್ ಬೌಲ್ ಗೆದ್ದ. 1998ರಲ್ಲಿ ಇಂಡಿಯಾನಾಪೊಲಿಸ್‌ಗೆ ಬಂದ ಪೇಟನ್ ಮ್ಯಾನಿಂಗ್ 28 ಇಂಟರ್‌ಸೆಪ್ಷನ್ ಎಸೆದ. ಮೊದಲ ವರ್ಷದ ಆಟಗಾರನೊಬ್ಬನ ಹೆಸರಿನಲ್ಲಿ ಅದಕ್ಕಿಂತ ಹೆಚ್ಚಿಲ್ಲ. ತಂಡ 3 ಗೆದ್ದು 13 ಸೋತಿತು. ಮರುವರ್ಷ ಅದೇ ತಂಡ, ಅದೇ ಹುಡುಗ, 13 ಗೆಲುವು, 3 ಸೋಲು.

ಹಾಗಾದರೆ ಎಡವಿದವರೆಲ್ಲ ಏಳುತ್ತಾರೆಯೇ? ಇಲ್ಲ. ಅದೇ 1998ರ ಡ್ರಾಫ್ಟ್‌ನಲ್ಲಿ ಮ್ಯಾನಿಂಗ್‌ನ ಬೆನ್ನಿಗೇ ಎರಡನೆಯವನಾಗಿ ಆಯ್ಕೆಯಾದವನು ರಯಾನ್ ಲೀಫ್. ಇಬ್ಬರಲ್ಲಿ ಯಾರು ಮೇಲು ಎಂದು ತಜ್ಞರು ತಿಂಗಳುಗಟ್ಟಲೆ ವಾದಿಸಿದ್ದರು. ಸ್ಯಾನ್ ಡಿಯಾಗೊದಲ್ಲಿ ಲೀಫ್ ಮೊದಲ ವರ್ಷ 2 ಟಚ್‌ಡೌನ್, 15 ಇಂಟರ್‌ಸೆಪ್ಷನ್ ಎಸೆದ. ಕನ್ಸಾಸ್ ಸಿಟಿಯ ಎದುರಿನ ಒಂದು ಪಂದ್ಯದಲ್ಲಿ ಎಸೆದ 15ರಲ್ಲಿ ಒಂದು ಮಾತ್ರ ತನ್ನವರ ಕೈ ಸೇರಿತು. ಮರುದಿನ ಡ್ರೆಸಿಂಗ್ ಕೋಣೆಯಲ್ಲಿ ವರದಿಗಾರನೊಬ್ಬನ ಮೇಲೆ ಅವನು ಕೂಗಾಡಿದ್ದು ಕ್ಯಾಮೆರಾದಲ್ಲಿ ದಾಖಲಾಯಿತು. 2001ರ ಋತುವಿನೊಂದಿಗೆ ಅವನ ಆಟವೇ ಮುಗಿಯಿತು. ಮುಂದೆ ಮಾದಕ ವ್ಯಸನ, ಸೆರೆಮನೆ ಎಲ್ಲ ಕಂಡ. ಅದರಿಂದ ಹೊರಬಂದು ಆ ಬಗ್ಗೆ ಬಹಿರಂಗವಾಗಿ ಮಾತನಾಡುತ್ತ ಬಂದಿದ್ದಾನೆ, ಆ ಧೈರ್ಯಕ್ಕೆ ನನ್ನ ಗೌರವವಿದೆ. ಮ್ಯಾನಿಂಗ್‌ನ ಮೊದಲ ವರ್ಷ ಮತ್ತು ಲೀಫ್‌ನ ಮೊದಲ ವರ್ಷ ಎರಡೂ ಕಾಗದದ ಮೇಲೆ ಕೆಟ್ಟವೇ. ಬೇರೆಯಾಗಿದ್ದದ್ದು ಕೆಡುಕಿನ ಬಗೆ. ಮ್ಯಾನಿಂಗ್ ತಪ್ಪು ಎಸೆಯುತ್ತಿದ್ದ, ಆದರೆ ಎಸೆಯುತ್ತಲೇ ಇದ್ದ. 26 ಟಚ್‌ಡೌನ್ ಕೂಡ ಎಸೆದಿದ್ದ. ಎದುರಾಳಿಯನ್ನು ಓದಲು ಹೊರಟು ತಪ್ಪಾಗಿ ಓದುವುದು ಒಂದು, ಓದುವುದನ್ನೇ ನಿಲ್ಲಿಸುವುದು ಇನ್ನೊಂದು. ಮೊದಲನೆಯದಕ್ಕೆ ಪಾಠ ಹೇಳಬಹುದು.

ಕ್ವಾರ್ಟರ್‌ಬ್ಯಾಕ್ ಕೋಚ್‌ಗಳು ಪಂದ್ಯದ ವೀಡಿಯೊ ನೋಡುವಾಗ ಇದನ್ನೇ ಹುಡುಕುತ್ತಾರೆ. ಅಂಕಪಟ್ಟಿಗಿಂತ ಮೊದಲು ಅವರು ಹುಡುಗನ ಕಣ್ಣು ನೋಡುತ್ತಾರೆ, ಕಾಲು ನೋಡುತ್ತಾರೆ. ಮೈಮೇಲೆ ಬರುತ್ತಿರುವವರ ಕಡೆ ಕಣ್ಣು ಇಳಿಯಿತೇ, ಅಥವಾ ದೂರದಲ್ಲಿ ಓಡುತ್ತಿರುವ ತನ್ನವರ ಮೇಲೇ ನೆಟ್ಟಿದೆಯೇ? ಎರಡು ಸಲ ಏಟು ತಿಂದ ಮೇಲೆ ಮೂರನೆಯ ಸಲ ಏಟು ಬರುವ ಮೊದಲೇ ಕಾಲು ಕಿತ್ತನೇ? ಕಳೆದ ವಾರದ ತಪ್ಪೇ ಈ ವಾರವೂ ಬಂತೇ, ಅಥವಾ ಹೊಸ ತಪ್ಪೇ? ಹೊಸ ತಪ್ಪು ಒಳ್ಳೆಯ ಲಕ್ಷಣ. ಹಳೆಯದನ್ನು ಕಲಿತು ಮುಂದಿನದಕ್ಕೆ ಹೋಗಿದ್ದಾನೆ ಎಂದರ್ಥ.

ಸ್ಯಾಮ್ ಡಾರ್ನಾಲ್ಡ್‌ನ ಕತೆಯಲ್ಲಿ ಇದು ಬಹಿರಂಗವಾಗಿಯೇ ನಡೆಯಿತು. 2019ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಜೆಟ್ಸ್ ತಂಡಕ್ಕೆ ಆಡುತ್ತಿದ್ದ ಈ 22 ವರ್ಷದ ಹುಡುಗ, ಅಂಕಣದ ಅಂಚಿನಲ್ಲಿ ಕೂತು, ನನಗೆ ಭೂತಗಳು ಕಾಣುತ್ತಿವೆ ಎಂದ. ಇಲ್ಲದ ಎದುರಾಳಿ ಬರುತ್ತಿರುವಂತೆ ಭಾಸವಾಗುವುದಕ್ಕೆ ಆ ಆಟದಲ್ಲಿ ಹೇಳುವ ಮಾತು ಅದು. ಅಂದು ಅವನ ಮೈಮೇಲೆ ಟಿವಿಯವರ ಮೈಕು ಇತ್ತು, ಮಾತು ದೇಶಕ್ಕೆಲ್ಲ ಕೇಳಿಸಿತು. ತಿಂಗಳುಗಟ್ಟಲೆ ಜನ ಅದನ್ನಿಟ್ಟುಕೊಂಡು ಗೇಲಿ ಮಾಡಿದರು. ನನಗೆ ಇವತ್ತಿಗೂ ಅದು ಸಿಟ್ಟು ತರಿಸುವ ಸಂಗತಿ. ತನಗೆ ಏನಾಗುತ್ತಿದೆ ಎಂದು ಅಷ್ಟು ನಿಖರವಾಗಿ, ಅಷ್ಟು ಪ್ರಾಮಾಣಿಕವಾಗಿ ಹೇಳಬಲ್ಲ ವಿದ್ಯಾರ್ಥಿ ಯಾವ ಗುರುವಿಗೂ ವರ. ಜೆಟ್ಸ್ ಅವನನ್ನು 2021ರಲ್ಲಿ ಕೈಬಿಟ್ಟಿತು. ಕ್ಯಾರೊಲಿನಾದಲ್ಲಿ ಎರಡು ವರ್ಷ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇನ್ನೊಬ್ಬನ ಹಿಂದೆ ಬೆಂಚಿನ ಮೇಲೆ ಒಂದು ವರ್ಷ. 2024ರಲ್ಲಿ ಮಿನೆಸೊಟಾ ತಂಡದಲ್ಲಿ ಅವನು 35 ಟಚ್‌ಡೌನ್ ಎಸೆದ, ತಂಡ 17ರಲ್ಲಿ 14 ಪಂದ್ಯ ಗೆದ್ದಿತು.

ಡಾರ್ನಾಲ್ಡ್ ಬಂದ 2018ರ ಡ್ರಾಫ್ಟ್ ಆಯ್ಕೆಗಾರರ ಪಾಲಿಗೆ ದೊಡ್ಡ ಪಾಠ. ಮೊದಲ ಸುತ್ತಿನಲ್ಲಿ ಐವರು ಕ್ವಾರ್ಟರ್‌ಬ್ಯಾಕ್‌ಗಳು: ಮೊದಲನೆಯವನು ಬೇಕರ್ ಮೇಫೀಲ್ಡ್, ಮೂರನೆಯವನು ಡಾರ್ನಾಲ್ಡ್, ಏಳನೆಯವನು ಜಾಶ್ ಆ್ಯಲನ್, ಹತ್ತನೆಯವನು ಜಾಶ್ ರೋಸನ್, ಸುತ್ತಿನ ಕಟ್ಟಕಡೆಗೆ 32ನೆಯವನು ಲಮಾರ್ ಜ್ಯಾಕ್ಸನ್. ಕಡೆಯವನು ಎರಡು ಸಲ ಲೀಗಿನ ಶ್ರೇಷ್ಠ ಆಟಗಾರನಾದ, 2019 ಮತ್ತು 2023ರಲ್ಲಿ. 2024ರಲ್ಲಿ ಆ ಗೌರವ ಆ್ಯಲನ್‌ಗೆ. ಆ್ಯಲನ್‌ನ ಮೊದಲ ವರ್ಷ ಅವನ ಎಸೆತಗಳಲ್ಲಿ ಗುರಿ ಮುಟ್ಟಿದ್ದು ಶೇ. 52.8 ಮಾತ್ರ. ಗುರಿ ಹುಟ್ಟಿನಿಂದ ಬರುವುದು, ಕಲಿಸಲಾಗದು ಎಂಬುದು ಆಗ ಬಲವಾಗಿದ್ದ ನಂಬಿಕೆ. ಬಫಲೊ ತಂಡ ಅವನಿಗೆ ಅದೇ ಆಕ್ರಮಣ ವಿಭಾಗದ ಕೋಚ್ ಬ್ರಯಾನ್ ಡೇಬಲ್ ಅವರನ್ನು ನಾಲ್ಕು ವರ್ಷ ಉಳಿಸಿಕೊಟ್ಟಿತು, ಎಸೆಯುವ ಭಂಗಿ ತಿದ್ದಿಕೊಳ್ಳಲು ಕಾಲ ಕೊಟ್ಟಿತು, 2020ರಲ್ಲಿ ಸ್ಟೆಫಾನ್ ಡಿಗ್ಸ್‌ನಂಥ ಎಸೆತ ಹಿಡಿಯುವುದರಲ್ಲಿ ಪಳಗಿದ ರಿಸೀವರನ್ನು ತಂದಿತು. ಆ ವರ್ಷ ಅದೇ ಅಂಕಿ ಶೇ. 69.2. ಮೇಫೀಲ್ಡ್‌ಗೆ ಕ್ಲೀವ್‌ಲ್ಯಾಂಡ್‌ನಲ್ಲಿ ಸಿಕ್ಕಿದ್ದು ಮೊದಲ ಮೂರು ವರ್ಷಗಳಲ್ಲಿ ನಾಲ್ವರು ಮುಖ್ಯ ಕೋಚ್‌ಗಳು. ಅವನು ನೆಲೆ ಕಂಡದ್ದು 2023ರಲ್ಲಿ ಟ್ಯಾಂಪಾದಲ್ಲಿ, ತನ್ನ ನಾಲ್ಕನೆಯ ತಂಡದಲ್ಲಿ. ರೋಸನ್‌ನನ್ನು ಆರಿಜೋನಾ ಒಂದೇ ವರ್ಷ ಇಟ್ಟುಕೊಂಡು ಮಾರಿತು. ಅವನಿಗೆ ಮತ್ತೆ ಕಾಲು ಊರಲು ಆಗಲೇ ಇಲ್ಲ. ರೋಸನ್‌ನಲ್ಲಿ ಏನಿತ್ತು, ಏನಿರಲಿಲ್ಲ ಎಂದು ಒಂದು ವರ್ಷದಲ್ಲಿ ತೀರ್ಮಾನಿಸಿದವರಿಗೆ ಅದು ತಿಳಿದಿತ್ತು ಎಂದು ನಾನು ನಂಬುವುದಿಲ್ಲ.

ನಾನು ಇವತ್ತು ವಿವರವಾಗಿ ಹೇಳಬೇಕೆಂದು ಬಂದದ್ದು ಅಲೆಕ್ಸ್ ಸ್ಮಿತ್‌ನ ವಿಚಾರ. ಈ ಸಭೆಯಲ್ಲಿ ಮಕ್ಕಳು ಮೊಮ್ಮಕ್ಕಳು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ, ಸನಿವೇಲ್ ಕಡೆ ಇರುವವರು ಇದ್ದಾರೆ. ಅಲ್ಲಿ ಕನ್ನಡಿಗರ ಮನೆಗಳಿಗೆ ಹತ್ತಿರದಲ್ಲೇ ಇರುವ ದೊಡ್ಡ ಕ್ರೀಡಾಂಗಣ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡದ್ದು. ಸ್ಮಿತ್ ಆಡಿದ ಕಾಲಕ್ಕೆ ತಂಡ ಇನ್ನೂ ಹಳೆಯ ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನಲ್ಲಿತ್ತು.

2005ರ ಡ್ರಾಫ್ಟ್‌ನಲ್ಲಿ ಮೊದಲ ಸರದಿ ಈ ತಂಡದ್ದು. ಎದುರಿಗೆ ಇಬ್ಬರು ಹುಡುಗರು. ಒಬ್ಬ ಯೂಟಾ ವಿಶ್ವವಿದ್ಯಾಲಯದ ಸ್ಮಿತ್, ಎರಡೇ ವರ್ಷದಲ್ಲಿ ಅರ್ಥಶಾಸ್ತ್ರದ ಪದವಿ ಮುಗಿಸಿದ್ದವನು, ಅಂದಿಗೆ ಇಪ್ಪತ್ತು ವರ್ಷ. ಇನ್ನೊಬ್ಬ ತಂಡದ ಸೀಮೆಯದೇ ಆದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಏರನ್ ರಾಜರ್ಸ್, ಚಿಕ್ಕಂದಿನಿಂದ ಫಾರ್ಟಿನೈನರ್ಸ್ ಅಭಿಮಾನಿ. ತಂಡ ಸ್ಮಿತ್‌ನನ್ನು ಆರಿಸಿತು. ರಾಜರ್ಸ್ 24ನೆಯ ಸರದಿಯವರೆಗೆ ಕಾದು ಕೂತು ಗ್ರೀನ್ ಬೇಗೆ ಹೋದ. ಆ ಬೆನ್ನಿಗೆ ಇಬ್ಬರಿಗೂ ಏನಾಯಿತು ನೋಡಿ. ಸ್ಮಿತ್‌ನನ್ನು ಅಕ್ಟೋಬರ್‌ನಲ್ಲೇ ಅಂಕಣಕ್ಕೆ ಇಳಿಸಿದರು. ಆರಂಭದಿಂದ ಆಡಿದ ಮೊದಲ ಪಂದ್ಯದಲ್ಲಿ 4 ಇಂಟರ್‌ಸೆಪ್ಷನ್, 28–3ರ ಸೋಲು. ಎದುರಿಗೆ ಇದ್ದವನು ಪೇಟನ್ ಮ್ಯಾನಿಂಗ್. ಆ ವರ್ಷದ ಕೊನೆಗೆ ಸ್ಮಿತ್‌ನ ಲೆಕ್ಕ 1 ಟಚ್‌ಡೌನ್, 11 ಇಂಟರ್‌ಸೆಪ್ಷನ್. ರಾಜರ್ಸ್ ಮೂರು ವರ್ಷ ಹಿರಿಯ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾರ್ವ್‌ನ ಹಿಂದೆ ಬೆಂಚಿನ ಮೇಲೆ ಕೂತ, ಕಲಿತ.

2005ರಲ್ಲಿ ಸ್ಮಿತ್‌ಗೆ ಆಕ್ರಮಣ ವಿಭಾಗದ ಪಾಠ ಹೇಳಿದವರು ಮೈಕ್ ಮೆಕಾರ್ಥಿ. ಒಂದು ವರ್ಷ ಕಳೆಯುವಷ್ಟರಲ್ಲಿ ಅವರು ಮುಖ್ಯ ಕೋಚ್ ಆಗಿ ಹೊರಟುಹೋದರು, ಅದೂ ಗ್ರೀನ್ ಬೇಗೆ, ರಾಜರ್ಸ್ ಇದ್ದಲ್ಲಿಗೆ. ಅಲ್ಲಿ 2018ರವರೆಗೆ ಉಳಿದರು. ಸ್ಮಿತ್‌ಗೆ 2006ರಲ್ಲಿ ನಾರ್ವ್ ಟರ್ನರ್, 2007ರಲ್ಲಿ ಜಿಮ್ ಹಾಸ್ಲರ್, 2008ರಲ್ಲಿ ಮೈಕ್ ಮಾರ್ಟ್ಜ್, 2009ರಲ್ಲಿ ಜಿಮ್ಮಿ ರೇ. ರೇ ಅವರನ್ನು 2010ರ ಋತುವಿನ ಮೂರನೆಯ ಪಂದ್ಯಕ್ಕೇ ತೆಗೆದು ಮೈಕ್ ಜಾನ್ಸನ್. 2011ರಲ್ಲಿ ಗ್ರೆಗ್ ರೋಮನ್. ಏಳು ವರ್ಷಕ್ಕೆ ಏಳು ಜನ. ನಾನು ಆಗಲೇ ಹೇಳಿದ ಸಂಕೇತ ಸರಮಾಲೆ ಒಬ್ಬೊಬ್ಬರಿಗೂ ಬೇರೆ. ಒಬ್ಬರು ಒಂದು ಸಂಖ್ಯೆಯಿಂದ ಕರೆಯುವ ಓಟವನ್ನು ಇನ್ನೊಬ್ಬರು ಒಂದು ಪದದಿಂದ ಕರೆಯುತ್ತಾರೆ. ಮಗುವಿಗೆ ವರ್ಷವರ್ಷವೂ ಕಾಗುಣಿತವನ್ನೇ ಬದಲಿಸಿ, ಓದಲು ಯಾಕೆ ತಡವರಿಸುತ್ತೀ ಎಂದು ಗದರಿಸಿದ ಹಾಗೆ. ಇದರ ನಡುವೆ 2007ರಲ್ಲಿ ಎಸೆಯುವ ಭುಜವೇ ಕಳಚಿತು. ನೋವು ಎಂದಾಗ ಅವನ ಗಟ್ಟಿತನದ ಬಗ್ಗೆಯೇ ತಂಡದೊಳಗೆ ಪ್ರಶ್ನೆ ಎದ್ದಿತು. ಶಸ್ತ್ರಚಿಕಿತ್ಸೆ ಆಯಿತು, 2008ರ ಋತು ಪೂರ್ತಿ ಹೋಯಿತು.

2010ರ ಅಕ್ಟೋಬರ್ 10, ಭಾನುವಾರ ರಾತ್ರಿ. ಫಿಲಡೆಲ್ಫಿಯಾ ಎದುರು ಕ್ಯಾಂಡಲ್‌ಸ್ಟಿಕ್‌ನಲ್ಲಿ ಪಂದ್ಯ. ತಂಡ ಆಗಲೇ ನಾಲ್ಕಕ್ಕೆ ನಾಲ್ಕು ಸೋತಿತ್ತು. ಸ್ಮಿತ್ ಕೈತಪ್ಪಿ ಬಿಟ್ಟ ಚೆಂಡನ್ನು ಎದುರಾಳಿ ಎತ್ತಿಕೊಂಡು ಓಡಿ ಟಚ್‌ಡೌನ್ ಮಾಡಿದ. ತವರಿನ ಜನವೇ ಎದ್ದು ನಿಂತು ಕೂಗತೊಡಗಿದರು: ಕಾರ್ ಬೇಕು, ಕಾರ್ ಬೇಕು. ಹೌದು, ಅದೇ ಡೇವಿಡ್ ಕಾರ್, 76 ಸಲ ಕೆಡವಿಸಿಕೊಂಡ ಹುಡುಗ. ಆ ವರ್ಷ ಸ್ಮಿತ್‌ಗೆ ಬದಲಿಯಾಗಿ ಬೆಂಚಿನ ಮೇಲಿದ್ದ. ಇನ್ನೊಂದು ಊರು ಮುರಿದು ಎಸೆದ ಮೊದಲಿಗನನ್ನು ಕರೆದು ತಮ್ಮ ಮೊದಲಿಗನನ್ನು ಕಳಿಸಿರೆಂದು ಸಾವಿರಾರು ಜನ ಕೇಳುತ್ತಿದ್ದರು. ಮುಖ್ಯ ಕೋಚ್ ಮೈಕ್ ಸಿಂಗ್ಲೆಟರಿ ಸ್ಮಿತ್‌ನನ್ನು ಅಂಚಿನಲ್ಲೇ ಎಲ್ಲರೆದುರು ತರಾಟೆಗೆ ತೆಗೆದುಕೊಂಡರು, ಕಾರ್‌ಗೆ ತಯಾರಾಗಲು ಹೇಳಿದರು. ಸ್ಮಿತ್ ಬಿಟ್ಟುಕೊಡಲಿಲ್ಲ. ಕೋಚ್ ಎದುರು ನಿಂತು ವಾದಿಸಿದ, ಮತ್ತೆ ಅಂಕಣಕ್ಕೆ ಇಳಿದ, ಎರಡು ಟಚ್‌ಡೌನ್ ಎಸೆದು ಅಂತರವನ್ನು ಮೂರಕ್ಕೆ ತಂದ. ಪಂದ್ಯ 27–24ರಿಂದ ಸೋತರು. ನನ್ನ ಮಟ್ಟಿಗೆ ಸ್ಮಿತ್‌ನನ್ನು ಅಳೆಯಬೇಕಾದ ರಾತ್ರಿ ಅದು. ಸೋಲು ಗೆಲುವಿನ ಪಟ್ಟಿಯಲ್ಲಿ ಅದು ಐದನೆಯ ಸೋಲು, ಅಷ್ಟೇ. ತನ್ನ ಊರಿನ ಜನವೇ ಬೇಡ ಎಂದಾಗ ತಂಡದ ಹತ್ತು ಜನರ ಮುಂದೆ ಹೋಗಿ ನಿಂತು ಮುಂದಿನ ಆಟವನ್ನು ನಡುಗದ ದನಿಯಲ್ಲಿ ಹೇಳಬಲ್ಲನೇ ಎಂಬುದಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ.

ಇಲ್ಲಿಂದ ನಾಯಕತ್ವದ ಮಾತು. 2011ರ ಬೇಸಿಗೆಯಲ್ಲಿ ಮಾಲೀಕರಿಗೂ ಆಟಗಾರರಿಗೂ ಒಪ್ಪಂದದ ಜಗಳ ಹತ್ತಿ ಲೀಗಿಗೆ ಬೀಗ ಬಿತ್ತು. ಕೋಚ್‌ಗಳು ಆಟಗಾರರೊಂದಿಗೆ ಮಾತನಾಡುವಂತಿರಲಿಲ್ಲ. ಸ್ಮಿತ್‌ನ ಕರಾರು ಮುಗಿದಿತ್ತು. ಕಾನೂನಿನ ಪ್ರಕಾರ ಅವನು ಆ ತಂಡದವನೇ ಅಲ್ಲ. ಹೊಸದಾಗಿ ಬಂದಿದ್ದ ಮುಖ್ಯ ಕೋಚ್ ಜಿಮ್ ಹಾರ್ಬೊ ಅವರ ಆಟದ ಪುಸ್ತಕ ಅವನ ಕೈಗೆ ಬಂದಿತ್ತು. ಅವನು ತಂಡದವರನ್ನು ಸ್ಯಾನ್ ಹೊಸೆ ಸ್ಟೇಟ್ ವಿಶ್ವವಿದ್ಯಾಲಯದ ಮೈದಾನಕ್ಕೆ ಕರೆಸಿ ತಾನೇ ಪಾಠ ಹೇಳಿದ. ಆರು ವರ್ಷ ಪುಸ್ತಕ ಬದಲಾದದ್ದರಿಂದ ನೊಂದವನು ಏಳನೆಯ ಪುಸ್ತಕವನ್ನು ಸಂಬಳವಿಲ್ಲದೆ ಬೇರೆಯವರಿಗೆ ಕಲಿಸುತ್ತಿದ್ದ. ಆ ಋತುವಿನಲ್ಲಿ ತಂಡ 13 ಗೆದ್ದು 3 ಸೋತಿತು. ಸ್ಮಿತ್ 17 ಟಚ್‌ಡೌನ್ ಎಸೆದ, ಇಂಟರ್‌ಸೆಪ್ಷನ್ ಬರೀ 5. 2012ರ ಜನವರಿಯಲ್ಲಿ ನ್ಯೂ ಆರ್ಲಿಯನ್ಸ್ ಎದುರಿನ ನಾಕೌಟ್ ಹಂತದ (ಪ್ಲೇಆಫ್) ಪಂದ್ಯದಲ್ಲಿ 9 ಸೆಕೆಂಡು ಉಳಿದಿದ್ದಾಗ ಸಹ ಆಟಗಾರ ವರ್ನನ್ ಡೇವಿಸ್‌ಗೆ 14 ಗಜದ ಎಸೆತ, 36–32ರ ಗೆಲುವು. ಕಾರ್ ಬೇಕು ಎಂದು ಕೂಗಿದ ಕ್ರೀಡಾಂಗಣದಲ್ಲೇ.

ಇಲ್ಲಿಗೆ ಮುಗಿದಿದ್ದರೆ ಇದು ಗೆದ್ದವನ ಕತೆಯಾಗುತ್ತಿತ್ತು. 2012ರ ನವೆಂಬರ್‌ನಲ್ಲಿ ಸ್ಮಿತ್‌ಗೆ ತಲೆಗೆ ಏಟಾಯಿತು. ಆ ಹೊತ್ತಿಗೆ ಅವನ ಎಸೆತಗಳಲ್ಲಿ ಶೇ. 70 ಗುರಿ ಮುಟ್ಟುತ್ತಿದ್ದವು. ಬದಲಿಗೆ ಇಳಿದ ಕಾಲಿನ್ ಕೆಪರ್ನಿಕ್ ಅದ್ಭುತವಾಗಿ ಆಡಿದ, ಸ್ಮಿತ್‌ಗೆ ಜಾಗ ಮರಳಿ ಸಿಗಲಿಲ್ಲ, ತಂಡ ಸೂಪರ್ ಬೌಲ್‌ವರೆಗೆ ಹೋಯಿತು. ಅವನು ಗುಂಪುಗಾರಿಕೆ ಮಾಡಲಿಲ್ಲ. ಕೆಪರ್ನಿಕ್‌ಗೆ ತಯಾರಿಯಲ್ಲಿ ನೆರವಾದ. 2013ರಲ್ಲಿ ಕನ್ಸಾಸ್ ಸಿಟಿಗೆ ಹೋದ. ಹಿಂದಿನ ವರ್ಷ 2 ಪಂದ್ಯ ಗೆದ್ದಿದ್ದ ಆ ತಂಡ ಕೋಚ್ ಆ್ಯಂಡಿ ರೀಡ್ ಅವರ ಕೈಕೆಳಗೆ, ಸ್ಮಿತ್‌ನೊಂದಿಗೆ 11 ಗೆದ್ದಿತು. 2017ರ ಡ್ರಾಫ್ಟ್‌ನಲ್ಲಿ ತಂಡ ಅವನ ಜಾಗಕ್ಕೇ ಎಂದು ಇನ್ನೊಬ್ಬ ಹುಡುಗನನ್ನು ಹತ್ತನೆಯ ಸರದಿಯಲ್ಲಿ ತಂದಿತು, ಪ್ಯಾಟ್ರಿಕ್ ಮಹೋಮ್ಸ್. ಆ ವರ್ಷ ಸ್ಮಿತ್ ತನ್ನ ಜೀವನದ ಅತ್ಯುತ್ತಮ ಋತು ಆಡುತ್ತಲೇ ತನ್ನ ಉತ್ತರಾಧಿಕಾರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡ. ವಾರದ ತಯಾರಿ ಹೇಗೆ, ವೀಡಿಯೊದಲ್ಲಿ ಏನನ್ನು ಮೊದಲು ನೋಡಬೇಕು ಎಂಬುದನ್ನು ಮುಚ್ಚಿಡದೆ ತೋರಿಸಿದ. ಮಹೋಮ್ಸ್ ಆ ಋಣವನ್ನು ಹಲವು ಸಲ ಹೇಳಿಕೊಂಡಿದ್ದಾನೆ. ಮರುವರ್ಷ ಮಹೋಮ್ಸ್ 50 ಟಚ್‌ಡೌನ್ ಎಸೆದು ಲೀಗಿನ ಶ್ರೇಷ್ಠ ಆಟಗಾರನಾದ. ಅದರಲ್ಲಿ ಸ್ಮಿತ್‌ನ ಪಾಲೆಷ್ಟು ಎಂದು ಯಾವ ಸೂತ್ರವೂ ಹೇಳಲಾರದು. ಆದರೆ ಪಾಲಿತ್ತು. ತಾನು ಇಪ್ಪತ್ತೊಂದರಲ್ಲಿ ಪಡೆಯದೆ ಹೋದದ್ದನ್ನು ಅವನು ಇನ್ನೊಬ್ಬ ಇಪ್ಪತ್ತೊಂದರವನಿಗೆ ಕೊಟ್ಟ. ಈ ಉಪನ್ಯಾಸ ಬರೆಯಲು ಕೂತಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಮುಖ್ಯವಾಗಿ ಈ ಸಂಗತಿ.

ಇದಕ್ಕೆ ಎದುರಾದ ಉದಾಹರಣೆಯನ್ನೂ ಹೇಳಬೇಕು. 2022ರ ನವೆಂಬರ್ 20ರಂದು ಜೆಟ್ಸ್ ತಂಡ ನ್ಯೂ ಇಂಗ್ಲೆಂಡ್ ಎದುರು 10–3ರಿಂದ ಸೋತಿತು. ರಕ್ಷಣಾ ವಿಭಾಗದವರು ಇಡೀ ಪಂದ್ಯ ಎದುರಾಳಿಯನ್ನು ಬರೀ 3 ಅಂಕಕ್ಕೆ ತಡೆದು ಹಿಡಿದಿದ್ದರು. ಕೊನೆಯ ಕ್ಷಣಗಳಲ್ಲಿ ಒದ್ದ ಚೆಂಡನ್ನು ಹಿಡಿದು ಓಡಿದವನೊಬ್ಬನಿಂದ ಪಂದ್ಯ ಹೋಯಿತು. ಕ್ವಾರ್ಟರ್‌ಬ್ಯಾಕ್ ಜ್ಯಾಕ್ ವಿಲ್ಸನ್, 2021ರ ಡ್ರಾಫ್ಟ್‌ನ ಎರಡನೆಯವನು, ಅಂದು 22ರಲ್ಲಿ 9 ಎಸೆತ ಮುಟ್ಟಿಸಿದ್ದ. ಪಂದ್ಯದ ಬಳಿಕ ವರದಿಗಾರರು ಕೇಳಿದರು, ನಿಮ್ಮ ಕಡೆಯವರು ರಕ್ಷಣಾ ವಿಭಾಗಕ್ಕೆ ಮೋಸ ಮಾಡಿದಂತಾಯಿತೇ? ಇಲ್ಲ ಎಂದ. ಅಷ್ಟೇ. ಡ್ರೆಸಿಂಗ್ ಕೋಣೆ ಆ ಒಂದು ಪದಕ್ಕೆ ಕುದಿಯಿತು. ಕೆಟ್ಟ ಎಸೆತಗಳನ್ನು ಅವರು ಕ್ಷಮಿಸಿದ್ದರು, ಈ ಮಾತನ್ನು ಕ್ಷಮಿಸಲು ಕಷ್ಟವಾಯಿತು. ಆ ವಾರ ಅವನು ತಂಡದ ಮುಂದೆ ಕ್ಷಮೆ ಕೇಳಿದ. ಮುಂದಿನ ಪಂದ್ಯಕ್ಕೆ ಅವನನ್ನು ಇಳಿಸಲಿಲ್ಲ. ವಿಲ್ಸನ್‌ಗೆ ಆಗ 23 ವರ್ಷ. ಒಂದು ಪದಕ್ಕಾಗಿ ಅವನನ್ನು ಜೀವಮಾನವಿಡೀ ಹಳಿಯುವುದು ನನಗೆ ಒಪ್ಪಿಗೆಯಲ್ಲ. ತಂಡ ನಾಯಕನಿಂದ ಏನು ಕೇಳುತ್ತದೆ ಎಂಬುದು ಮಾತ್ರ ಆ ದಿನ ಸ್ಪಷ್ಟವಾಯಿತು. ಆವೇಶದ ಭಾಷಣ ಯಾರಿಗೂ ಬೇಕಿರಲಿಲ್ಲ. ಬೇರೆಯವರ ಬೆವರಿಗೆ ತಾನು ಬಾಕಿ ಇದ್ದೇನೆ ಎಂಬ ಅರಿವು ಬೇಕಿತ್ತು.

ನಾಯಕತ್ವ ಎಂಬ ಪದವನ್ನು ಆಯ್ಕೆಯ ಕೋಣೆಯಲ್ಲಿ ಬಳಸುವಾಗ ಎಚ್ಚರವೂ ಬೇಕು. ಅಮೆರಿಕದಲ್ಲಿ ದಶಕಗಳ ಕಾಲ ಕಪ್ಪು ಜನಾಂಗದ ಹುಡುಗರನ್ನು ಈ ಸ್ಥಾನದಿಂದ ದೂರ ಇಡಲು ಬಳಸಿದ್ದು ಇದೇ ಪದ. ಓಡುವ ಕಾಲಿದೆ, ಮುನ್ನಡೆಸುವ ತಲೆ ಇಲ್ಲ ಎಂದು ಅವರನ್ನು ಬೇರೆ ಸ್ಥಾನಗಳಿಗೆ ತಳ್ಳುತ್ತಿದ್ದರು. ವಾರನ್ ಮೂನ್ ಅವರನ್ನು 1978ರ ಡ್ರಾಫ್ಟ್‌ನಲ್ಲಿ ಒಂದು ತಂಡವೂ ಆರಿಸಲಿಲ್ಲ. ಅವರು ಕೆನಡಾಗೆ ಹೋಗಿ ಎಡ್ಮಂಟನ್ ತಂಡದೊಂದಿಗೆ ಸತತ ಐದು ಚಾಂಪಿಯನ್‌ಷಿಪ್ ಗೆದ್ದು, ಹಿಂತಿರುಗಿ ಹ್ಯೂಸ್ಟನ್‌ನಲ್ಲಿ ಆಡಿ, 2006ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. 1988ರ ಜನವರಿಯಲ್ಲಿ ವಾಷಿಂಗ್ಟನ್‌ಗೆ ಸೂಪರ್ ಬೌಲ್ ಗೆದ್ದುಕೊಟ್ಟ ಡಗ್ ವಿಲಿಯಮ್ಸ್ ಆ ಪಂದ್ಯವನ್ನು ಆರಂಭಿಸಿದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್. 2018ರಲ್ಲೂ ಲಮಾರ್ ಜ್ಯಾಕ್ಸನ್‌ಗೆ ರಿಸೀವರ್ ಸ್ಥಾನಕ್ಕೆ ಬದಲಾಗು ಎಂದು ಸಲಹೆ ಕೊಟ್ಟವರಿದ್ದರು. ಹುಡುಗನಲ್ಲಿ ನಾಯಕತ್ವ ಕಾಣಿಸಲಿಲ್ಲ ಎಂದು ನಾವು ಬರೆದಾಗ, ಅವನು ಏನು ಮಾಡಿದ್ದನ್ನು ನೋಡಿ ಹಾಗೆ ಬರೆದೆವು ಎಂಬುದನ್ನೂ ಬರೆಯಬೇಕು. ಅದು ಸಾಧ್ಯವಾಗದಿದ್ದರೆ ಆ ವಾಕ್ಯವನ್ನು ಹೊಡೆದುಹಾಕಬೇಕು. ಭಾಷೆ, ಜಾತಿ, ಊರು, ಮೈಕಟ್ಟು ನೋಡಿ ಬಂದ ಅನಿಸಿಕೆಗೆ ಈ ಪದ ಮುಸುಕು ಹಾಕುತ್ತದೆ.

ತಾಳ್ಮೆಗೆ ಕೊನೆಯಿಲ್ಲವೇ ಎಂದು ಕೇಳಬಹುದು. ಇದೆ. 2011ರ ಒಪ್ಪಂದದ ಬಳಿಕ ಮೊದಲ ಸುತ್ತಿನ ಹುಡುಗರಿಗೆ ನಾಲ್ಕು ವರ್ಷದ ಕರಾರು, ಐದನೆಯ ವರ್ಷ ಬೇಕೇ ಬೇಡವೇ ಎಂಬುದನ್ನು ತಂಡ ಮೂರನೆಯ ಋತು ಮುಗಿದ ಬೆನ್ನಿಗೇ ಹೇಳಬೇಕು. ಆಟಗಾರರ ಸಂಬಳಕ್ಕೆ ಒಟ್ಟು ಮಿತಿ ಇರುವ ಲೀಗಿನಲ್ಲಿ ಯಾರೂ ಹತ್ತು ವರ್ಷ ಕಾಯಲಾರರು. ಹೊರಗೆ ಕೂರಿಸುವುದೂ ಕೆಲವೊಮ್ಮೆ ಕಲಿಸುವ ದಾರಿಯೇ. ಬ್ರೈಸ್ ಯಂಗ್ 2023ರ ಮೊದಲಿಗ. ಕ್ಯಾರೊಲಿನಾದಲ್ಲಿ ಮೊದಲ ವರ್ಷ 62 ಸಲ ಕೆಡವಿಸಿಕೊಂಡ, ತಂಡ ಗೆದ್ದದ್ದು ಎರಡೇ ಪಂದ್ಯ, ಕೋಚ್ ನಡುವೆಯೇ ಹೋದರು. 2024ರಲ್ಲಿ ಹೊಸ ಕೋಚ್ ಡೇವ್ ಕನಾಲಿಸ್ ಎರಡು ಪಂದ್ಯದ ಬಳಿಕ ಅವನನ್ನು ಕೂರಿಸಿ ಅನುಭವಿ ಆ್ಯಂಡಿ ಡಾಲ್ಟನ್‌ನನ್ನು ಇಳಿಸಿದರು. ಎಲ್ಲರೂ ಅವನ ಕತೆ ಮುಗಿಯಿತು ಎಂದರು. ಅಕ್ಟೋಬರ್ ಕೊನೆಗೆ ಡಾಲ್ಟನ್‌ಗೆ ಗಾಯವಾಗಿ ಯಂಗ್ ಮರಳಿದಾಗ ಅಂಕಣವನ್ನು ನೋಡುವ ಅವನ ರೀತಿಯೇ ಬೇರೆಯಾಗಿತ್ತು. ಋತುವಿನ ಕೊನೆಯ ಪಂದ್ಯದಲ್ಲಿ ಅಟ್ಲಾಂಟಾ ಎದುರು ಮೂರು ಟಚ್‌ಡೌನ್ ಎಸೆದು, ಎರಡನ್ನು ತಾನೇ ಓಡಿ ಗಳಿಸಿ 44–38ರಿಂದ ಗೆದ್ದುಕೊಟ್ಟ. ಕೂರಿಸಿದ್ದು ಸರಿಯೋ ತಪ್ಪೋ ಎಂದು ಜಗಳ ಆಡಬಹುದು. ಕೂರಿಸಿದವರು ಕಲಿಸುವುದನ್ನು ನಿಲ್ಲಿಸಲಿಲ್ಲ, ಅದು ನನಗೆ ಮುಖ್ಯ.

ಸ್ಮಿತ್‌ನ ಬಗ್ಗೆ ಉಳಿದ ಮಾತು. 2018ರ ನವೆಂಬರ್‌ನಲ್ಲಿ ವಾಷಿಂಗ್ಟನ್ ಪರ ಆಡುವಾಗ ಅವನ ಬಲಗಾಲು ಮುರಿಯಿತು, ಸೋಂಕು ತಗುಲಿ ಕಾಲು ಕತ್ತರಿಸುವ ಮಾತು ಬಂತು, 17 ಶಸ್ತ್ರಚಿಕಿತ್ಸೆ ಆದವು. 2020ರ ಅಕ್ಟೋಬರ್‌ನಲ್ಲಿ ಅವನು ಮತ್ತೆ ಅಂಕಣಕ್ಕೆ ಇಳಿದ. ಆ ಋತುವಿನಲ್ಲಿ ಅವನು ಆರಂಭಿಸಿದ ಆರು ಪಂದ್ಯಗಳಲ್ಲಿ ತಂಡ ಐದನ್ನು ಗೆದ್ದಿತು. ಅವನ ಹೆಸರಿನಲ್ಲಿ ಒಂದೂ ಸೂಪರ್ ಬೌಲ್ ಇಲ್ಲ. 2005ರ ಡ್ರಾಫ್ಟ್‌ನಲ್ಲಿ ತಪ್ಪು ಹುಡುಗನನ್ನು ಆರಿಸಿದರು ಎಂದು ಇಂದಿಗೂ ಹೇಳುವವರಿದ್ದಾರೆ, ರಾಜರ್ಸ್‌ನ ಸಾಧನೆ ನೋಡಿದರೆ ಆ ಮಾತಿಗೆ ಆಧಾರವೂ ಇದೆ. ಆದರೆ ಆರಿಸಿದ ತಪ್ಪಿಗಿಂತ ದೊಡ್ಡ ತಪ್ಪು ಆರಿಸಿದ ಮೇಲೆ ನಡೆದದ್ದು ಎಂಬುದು ನನ್ನ ತೀರ್ಪು.

ದೈಹಿಕ ಶಿಕ್ಷಣದ ಅಧ್ಯಾಪಕ ಮಿತ್ರರಲ್ಲಿ ಒಂದು ಕೋರಿಕೆ. ತಾಲೂಕು ಮಟ್ಟದಿಂದ ವಿಶ್ವವಿದ್ಯಾಲಯದವರೆಗೆ ನಮ್ಮ ಆಯ್ಕೆ ಪಟ್ಟಿಗಳಲ್ಲಿ ಹುಡುಗರ, ಹುಡುಗಿಯರ ಹೆಸರಿನ ಮುಂದೆ ರನ್ನು, ಗೋಲು, ಸೆಕೆಂಡು, ಮೀಟರು ಇರುತ್ತವೆ. ಅದರ ಪಕ್ಕದಲ್ಲಿ ಇನ್ನೆರಡು ಅಂಕಣ ಎಳೆಯಿರಿ. ಒಂದರಲ್ಲಿ ಈ ಮೂರು ವರ್ಷ ಇವರಿಗೆ ಯಾರು ಕಲಿಸಿದರು, ಎಷ್ಟು ತಿಂಗಳು ಕಲಿಸಿದರು ಎಂದು ಬರೆಯಿರಿ. ಇನ್ನೊಂದರಲ್ಲಿ, ಸೋತ ದಿನ ಇವರು ಸಹ ಆಟಗಾರರ ಬಗ್ಗೆ ಏನು ಹೇಳಿದರು ಎಂದು. ಯಾರನ್ನಾದರೂ ಕೈಬಿಡುವ ಮೊದಲು ಆ ಎರಡು ಅಂಕಣಗಳನ್ನು ಸಮಿತಿಯಲ್ಲಿ ಗಟ್ಟಿಯಾಗಿ ಓದಿರಿ. ಈ ವರ್ಷದ ಟ್ರಯಲ್ಸ್‌ನಿಂದಲೇ ಶುರು ಮಾಡಿ ಎಂದು ಕೇಳಿಕೊಳ್ಳುತ್ತೇನೆ.